ಧಾರವಾಡದ ಮಂದಿಗೆ ಡೆರೆಕ್ ಬೇಯ್ಲಿ ಕೇಳಿಸಿದ್ದು

ಮೂರು ವರ್ಷದ ಹಿಂದ ಸಪ್ತಾಪುರದ ನಮ್ಮ ಮನಿ ಮ್ಯಾಲಿನ ಖೋಲಿಯೊಳಗ ತಿಂಗಳಿಗೊಂದ ಸಲ ಇಂಗ್ಲೆಂಡಿನ ಡೆರೆಕ್ ಬೇಯ್ಲಿ ಅಂಥಾ, ಧಾಟಿ ಬಿಟ್ಟ ಬಾರಿಸೋವ್ರ ಗಿಟಾರ್ ಆಲ್ಬಮ್ ಹಚ್ಚತೇನಿ ಅಂದಾಗ ದೋಸ್ತ್ರೆಲ್ಲಾ ನಕ್ಕಿದ್ರು, ಮಲ್ಲಿಕಾರ್ಜುನ ಮನ್ಸೂರ್ ಅವ್ರನ್ನ ಕೇಳಿ ಬೆಳದ ಊರಾಗ ಇದನ್ನ ಯಾಂವ ಕೇಳ್ತಾನಲೇ ಅಂತ. ಹೋದ ತಿಂಗಳ 14-15 ಮಂದಿ ಇದ್ರು, ಚಪ್ಪಲ್ ಪಾವಟಿಗಿ ತನಕಾ ಬಂದಿದ್ವು. ಅದಕ್ಕ ಬರೀಲಿಕ್ಕತ್ತೇನಿ.

ಮೊದಲನೇ ಸಲ ನಾನ ಎಡವಟ್ಟ ಮಾಡ್ದೆ. ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೀನಿ ಹೆಸರು ಎಲ್ಲಾರಿಗೂ ಗೊತ್ತದ ಅಂತ ಅವನ 1994ರ 'ಝೀರೋ ಟಾಲರೆನ್ಸ್ ಫಾರ್ ಸೈಲೆನ್ಸ್' ಹಚ್ಚಿಬಿಟ್ಟೆ. ಇಂಪಾಗಿ ಬಾರಿಸ್ತಾನ ಅಂತ ಬಂದವ್ರಿಗೆ ಬರೇ ಗದ್ದಲ. ಐದ ನಿಮಿಷಕ್ಕ ಕೆಳಗಿನ ಮನಿ ಅಕ್ಕಾರು ಮ್ಯಾಲ ಬಂದು "ಸ್ಪೀಕರ್ ಕೆಟ್ಟದೇನಪಾ?" ಅಂದ್ರು. ಆವತ್ತ ಏಳು ಮಂದಿ, ಮುಂದಿನ ತಿಂಗಳ ಮೂರು, ಅದರಾಗೂ ಒಬ್ಬಾಂವ ವೈಫೈ ಸಲುವಾಗಿ ಬಂದಿದ್ದ.

ರೊಕ್ಕದ ಮಾತು ಕೇಳಬ್ಯಾಡ್ರಿ. ಹುಬ್ಬಳ್ಳಿಯೊಳಗ ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜೋಡಿ ಸುಮಾರು 9 ಸಾವಿರ, ಆಂಪ್ಲಿಫೈಯರ್ ರಿಪೇರಿ ಎರಡ ಸಲ, ಹೊರದೇಶದಿಂದ ಸಿಡಿ ತರಿಸಿದ್ರ ಸಿಡಿಗಿಂತ ಅಂಚೆ ಖರ್ಚ ಜಾಸ್ತಿ. ಮನಿಯಾಕಿ ಇನ್ನೂ ಪೂರಾ ಲೆಕ್ಕ ನೋಡಿಲ್ಲ.

ಆಮ್ಯಾಲ ತಲಿಗೆ ಹೊಳೀತು, ನಮ್ಮ ಮಂದಿಗೆ ಮೊದ್ಲ ಬಂದಿಶ್, ಅಂದ್ರ ಕಟ್ಟಿದ ಹಾಡು, ತೋರ್ಸಬೇಕು, ಆಮ್ಯಾಲ ಮುರೀಬೇಕು. ಬೇಯ್ಲಿ ಆಯುಷ್ಯದಾಗ ಭಾಳ ವರ್ಷ ಧಾಟಿ ಬಿಟ್ಟ ಬಾರಿಸಿದ ಮನಶ್ಯಾ, ಆದ್ರ 2002ರ 'ಬ್ಯಾಲಡ್ಸ್'ನಾಗ ಹಳೇ ಹಾಡು ಹಿಡೀತಾನ, ಎರಡ ಸಾಲು ನೆಟ್ಟಗ ಬಾರಿಸ್ತಾನ, ಹಂಗ ಕೈ ಜಾರಿಸಿ ತಂತಿ ಚಿವುಟಿ ಎಲ್ಲೆಲ್ಲೋ ಹೋಗ್ತಾನ, ಮತ್ತ ತಿರುಗಿ ಬರ್ತಾನ. ಜಾಝ್ ಅನ್ನೋ ಶಬ್ದನ ತೆಗೀಲಿಲ್ಲ ನಾ. ಜಮಖಾನಿ ಹಾಸಿ, ಸ್ಪೀಕರ್ ಕುಂತವ್ರ ಕಿವಿ ಮಟ್ಟಕ್ಕ ಇಟ್ಟು, ಬರೇ 20 ನಿಮಿಷ. ಅಂದೂ ಒಂದ ತಪ್ಪಾತು, ಗಿರ್ಮಿಟ್ ಮೊದ್ಲ ಕೊಟ್ಟಿದ್ದೆ, ಚುರಮುರಿ ಅಗಿಯೋ ಸಪ್ಪಳದಾಗ ಅವನ ಸಣ್ಣ ಸಣ್ಣ ಸ್ವರ ಎಲ್ಲಾ ಮುಚ್ಚಿಹೋದ್ವು.

ಗಾಡಿ ಹಳಿಗೆ ಬಂದಿದ್ದು ಅಮೆರಿಕದ ಗಿಟಾರ್ ವಾದಕ ಜೇಮ್ಸ್ ಬ್ಲಡ್ ಅಲ್ಮರ್‌ನಿಂದ. 1983ರ 'ಒಡಿಸ್ಸಿ', ಗಿಟಾರ್, ವಯೊಲಿನ್, ಡ್ರಮ್ಸ್ ಅಷ್ಟ, ಬೇಸ್ ಗಿಟಾರ್ ಇಲ್ಲ. ಅಂವ ಎಲ್ಲಾ ತಂತಿ ಒಂದ ಸ್ವರಕ್ಕ ಕೂಡಿಸ್ತಾನ, ಸಪ್ತಕ ಅಷ್ಟ ಬ್ಯಾರೆ. ನಮ್ಮಲ್ಲಿ ತಬಲಾ ಬಾರಿಸೋ ರಿಟೈರ್ಡ್ ಮಾಸ್ತರ್ ಒಬ್ರದಾರ, ಅಲ್ಲೀತನಕ ಗ್ವಾಡಿಗಿ ಆತು ಕಣ್ಣ ಮುಚ್ಚಿದ್ರು, ನಿದ್ದಿ ಬಂತೋ ಏನೋ ಅನಕೊಂಡಿದ್ದೆ. ವಯೊಲಿನ್ ಬಂದ ಕೂಡ್ಲೆ ಬಲಗೈ ತೊಡಿ ಮ್ಯಾಲ ಆಡ್ಲಿಕ್ಕತ್ತು. ಮುಗದ ಮ್ಯಾಲ "ಇಂವಾ ಷಡ್ಜ ಬಿಟ್ಟ ಹೋಗಂಗಿಲ್ಲಲ್ಲೋ, ಮತ್ತ್ಯಾಕ ಇಷ್ಟ ಹೆದರಿಸಿದ್ರಿ ನಮಗ?" ಅಂದ್ರು. ಅವತ್ತ ನಾ ಗೆದ್ದೆ ಅನಿಸ್ತು, ಸುಳ್ಳ ಯಾಕ ಹೇಳ್ಲಿ. ಅಮೆರಿಕದ ಗಿಟಾರ್ ವಾದಕ ಸಾನಿ ಶಾರಾಕ್‌ನ 'ಆಸ್ಕ್ ದಿ ಏಜಸ್' (1991) ಮುಂದಿನ ತಿಂಗಳ ಹಚ್ಚಿದೆ, ಅದರಾಗ ಫರೋವಾ ಸ್ಯಾಂಡರ್ಸ್‌ನ ಸ್ಯಾಕ್ಸೊಫೋನ್ ಕಿರಚಿದ್ರೂ ಒಬ್ರೂ ಏಳ್ಲಿಲ್ಲ. ಬೇಯ್ಲಿಗೂ ಅಲ್ಮರ್‌ಗೂ ನಡುವ ಏನ ಹಚ್ಚತೇನಿ ಅನ್ನೋದು ಮಾತ್ರ ಹೇಳಂಗಿಲ್ಲ, ನಾಳೆ ನೀವೂ ಅಂಗಡಿ ತೆಗೀತೀರಿ.

ನಡುವ ಒಂದ ಹುಚ್ಚ ಕೆಲಸಾನೂ ಮಾಡ್ದೆ. ಇಂಗ್ಲೆಂಡಿನ ಗಿಟಾರ್ ವಾದಕ ಫ್ರೆಡ್ ಫ್ರಿತ್ 1974ರ 'ಗಿಟಾರ್ ಸೋಲೋಸ್'ನಾಗ ತಂತಿಗೆ ಕ್ರೊಕೊಡೈಲ್ ಕ್ಲಿಪ್ (ವೈರ್ ಕಚ್ಚೋ ಹಲ್ಲಿನ ಸಣ್ಣ ಕ್ಲಿಪ್) ಹಚ್ಚಿ ಬಾರಿಸ್ಯಾನ, ನಾನೂ ಎಲೆಕ್ಟ್ರಿಕ್ ಅಂಗಡಿಯಿಂದ ಆರ ಕ್ಲಿಪ್ ತಂದೆ. ಮೂರನೇ ತಂತಿ ಮ್ಯಾಲ ಬ್ರಿಜ್ (ತಂತಿ ಕುಂದ್ರೋ ಪಟ್ಟಿ) ಕಡೆ ಹಚ್ಚಿದ್ರ ದನದ ಕೊರಳಗಂಟಿ ಹಂಗ ಕೇಳ್ತದ, ಭಾಳ ಛಂದ. ಮೊದಲನೇ ತಂತಿಗೆ ಹಚ್ಚಿದ ಕೂಡ್ಲೆ ಟಪ್ ಅಂತ ಹರೀತು, ಗಲ್ಲದ ಮ್ಯಾಲ ಗೆರಿ ಬಿತ್ತು. ಮುಂದಿನ ತಿಂಗಳ ಫ್ರಿತ್‌ನ ಹಚ್ಚತೇನಿ. ಗಿರ್ಮಿಟ್ ಆಮ್ಯಾಲ.