ದಿನ ಎಣಿಸಿದೆ, ಮೊಟ್ಟೆ ಎಣಿಸಲಿಲ್ಲ

ಚಿಟ್ಟೆ ಸಾಕಲು ಶುರು ಮಾಡಿದಾಗ ನನ್ನ ಗಮನವೆಲ್ಲ ಕಂಬಳಿಹುಳುವಿನ ಮೇಲೆ. ಎಳೆ ಎಲೆ ಹಾಕು, ಹಿಕ್ಕೆ ತೆಗೆ, ಇರುವೆ ಹತ್ತದಂತೆ ನೋಡು. ಕೋಶ ಒಡೆದು ರೆಕ್ಕೆ ಬಿಚ್ಚಿತೆಂದರೆ ನನ್ನ ಕೆಲಸ ಮುಗಿಯಿತೆಂದೇ ಲೆಕ್ಕ. ಬೆಳೆದ ಚಿಟ್ಟೆಗೇನು, ಒಂದಿಷ್ಟು ಸಿಹಿನೀರು ಇಟ್ಟರಾಯಿತು!

ಆಳೆತ್ತರದ ಸೊಳ್ಳೆಪರದೆಯ ಪಂಜರ, ಒಳಗೆ ಕುಂಡದಲ್ಲಿ ನಿಂಬೆ ಗಿಡ, ಆರೇಳು ನಿಂಬೆ ಚಿಟ್ಟೆಗಳು. ಮೊದಲ ತಂಡಕ್ಕೆ ಜೇನುತುಪ್ಪವನ್ನು ಹೆಚ್ಚುಕಡಿಮೆ ಹಾಗೇ ಇಟ್ಟೆ. ಕೂದಲಿನಂಥ ಹೀರುನಳಿಕೆಯಲ್ಲಿ ಆ ಅಂಟು ಏರುವುದೆಲ್ಲಿ? ಒಂದರ ಕಾಲು ಅಂಟಿತು, ಇನ್ನೊಂದರ ರೆಕ್ಕೆ. ಹೆದರಿ ಮುಂದಿನ ತಂಡಕ್ಕೆ ಇರುವೆಯೂ ಮೂಸದಷ್ಟು ತೆಳ್ಳಗೆ ಸಕ್ಕರೆ ನೀರು ಮಾಡಿಟ್ಟೆ. ಅವು ಚೆನ್ನಾಗಿಯೇ ಬದುಕಿದವು. ಪುಸ್ತಕದಲ್ಲಿ ನಾನು ಬರೆದಿಡುತ್ತಿದ್ದುದು ಹುಟ್ಟಿದ ದಿನ, ಸತ್ತ ದಿನ ಎರಡೇ. ಹಾಗಾಗಿ ಎಲ್ಲ ಸರಿಯಿದೆ ಅನ್ನಿಸಿತ್ತು.

ಮುಂದಿನ ಪೀಳಿಗೆಗೆ ಹುಳುಗಳೇ ಸಾಲದೆ ಬಂದಾಗ ಎಲೆ ಮಗುಚಿ ಹುಡುಕತೊಡಗಿದೆ. ನಿಂಬೆ ಚಿಟ್ಟೆ ಒಂದೊಂದೇ ಮೊಟ್ಟೆ ಇಡುತ್ತದೆ, ತಿಳಿಹಳದಿ ಗುಂಡು. ಇಡೀ ಗಿಡದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಸಿಕ್ಕವು.

ಬಹಳಷ್ಟು ಚಿಟ್ಟೆಗಳು ಕೋಶದಿಂದ ಹೊರಬರುವಾಗ ಮೊಟ್ಟೆಗಳೆಲ್ಲ ಬಲಿತಿರುವುದಿಲ್ಲ, ಆಮೇಲೆ ಒಂದೊಂದಾಗಿ ಬಲಿಯಬೇಕು. ಆಹಾರ ಸಾಲದಿದ್ದರೆ ಹೆಣ್ಣು ಅರೆಬಲಿತ ಮೊಟ್ಟೆಗಳನ್ನು ಒಳಗೇ ಕರಗಿಸಿಕೊಂಡು ತಾನು ಬದುಕಿಕೊಳ್ಳಬಲ್ಲದು. ಉತ್ತರ ಅಮೆರಿಕದ ಬೆಟ್ಟಗಳ ಒಂದು ಚಿಟ್ಟೆಯ ಮೇಲೆ ಜೀವವಿಜ್ಞಾನಿ ಕ್ಯಾರಲ್ ಬಾಗ್ಸ್ 1990ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲೂ ಕಂಡದ್ದು ಇದೇ: ಊಟ ಕಡಿತಗೊಳಿಸಿದಂತೆ ಮೊಟ್ಟೆ ಕಡಿಮೆಯಾಯಿತು, ಆಯುಸ್ಸು ಕಡಿಮೆಯಾಗಲಿಲ್ಲ. ನನ್ನ ಸಾವಿನ ದಾಖಲೆ ನನ್ನನ್ನೇ ಮೋಸಗೊಳಿಸಿತ್ತು.

ಈಗ ಒಂದು ಪಾಲು ಸಕ್ಕರೆಗೆ ಒಂಬತ್ತು ಪಾಲು ನೀರು, ತಟ್ಟೆಯಲ್ಲಿ ಹತ್ತಿ. ದಿನಾ ಬೆಳಿಗ್ಗೆ ಹೊಸದು, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ಹೊಸ ಚಿಟ್ಟೆಗೆ ತಟ್ಟೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ರೆಕ್ಕೆಗಳನ್ನು ಮೆಲ್ಲನೆ ಜೋಡಿಸಿ ಹಿಡಿದು ಕಾಲನ್ನು ಹತ್ತಿಗೆ ತಾಗಿಸುತ್ತೇನೆ. ರುಚಿ ಕಾಲಿಗೇ ತಿಳಿಯುತ್ತದಲ್ಲ, ಹೀರುನಳಿಕೆಯ ಸುರುಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ ಗುಂಡುಸೂಜಿಯ ತುದಿಯಿಂದ ಎಳೆದು ಬಿಡಿಸಬೇಕು. ಮೊದಮೊದಲು ಕೈ ನಡುಗುತ್ತಿತ್ತು.

ಮೊಟ್ಟೆ ಹೆಚ್ಚಿತು, ಆದರೆ ಎಲ್ಲ ತಂಡದಲ್ಲೂ ಅಲ್ಲ. ಎಲೆ ಸಾಲದೆ ಕುಳ್ಳಗೆ ಬೆಳೆದ ಹುಳುಗಳಿಂದ ಬಂದ ಹೆಣ್ಣುಗಳಿಗೆ ಎಷ್ಟು ಕುಡಿಸಿದರೂ ಅಷ್ಟಕ್ಕಷ್ಟೆ. ಮಕರಂದದ ಇಂಗಾಲ ಮೊಟ್ಟೆಗೆ ಸೇರುತ್ತದೆ, ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಲ್ಲಿ ಕೆಲವನ್ನು ದೇಹವೇ ಅದರಿಂದ ಕಟ್ಟಿಕೊಳ್ಳುತ್ತದೆ. ಕಟ್ಟಲಾರದಂಥವು ಮಾತ್ರ ಹುಳುವಾಗಿದ್ದಾಗ ತಿಂದ ಎಲೆಯ ಉಳಿತಾಯದಿಂದಲೇ ಬರಬೇಕು. ಇದಕ್ಕೆ ಹೊರತಾದದ್ದು ಅಮೆರಿಕ ಖಂಡದ ಹೆಲಿಕೋನಿಯಸ್ ಚಿಟ್ಟೆ. ಅದು ಪರಾಗವನ್ನೇ ನೆನೆಸಿ ಸಾರ ಹೀರುತ್ತದೆ, ತಿಂಗಳುಗಟ್ಟಲೆ ಬದುಕಿ ಮೊಟ್ಟೆಯಿಡುತ್ತದೆ. ಪರಾಗ ತಪ್ಪಿಸಿದರೆ ಮೊಟ್ಟೆ ಇಳಿದುಹೋಗುತ್ತದೆ.

ಮುಸ್ಸಂಜೆಗೆ ಹಾರುವ ಕಂದು ಚಿಟ್ಟೆಗಳನ್ನೂ ಒಮ್ಮೆ ತಂದೆ. ಸಕ್ಕರೆ ನೀರಿನತ್ತ ತಿರುಗಿಯೂ ನೋಡಲಿಲ್ಲ. ಕಪ್ಪಾಗಿ ಕೊಳೆತ ಬಾಳೆಹಣ್ಣು ಇಟ್ಟ ರಾತ್ರಿಯೇ ಸಾಲಾಗಿ ಕೂತವು. ವಾಸನೆಗೆ ಮನೆಯವರೇ ಓಡಿಹೋಗುವಂತಾಗಿತ್ತು, ಆ ಮಾತು ಬೇರೆ.

ಒಂದು ಲೆಕ್ಕ ಇನ್ನೂ ಬಗೆಹರಿದಿಲ್ಲ. ಎಷ್ಟೋ ಜಾತಿಗಳಲ್ಲಿ ಗಂಡುಗಳು ಒದ್ದೆ ಮಣ್ಣಿನಿಂದ ಸೋಡಿಯಂ ಹೀರಿ, ಕೂಡುವಾಗ ವೀರ್ಯದ ಚೀಲದೊಂದಿಗೆ ಹೆಣ್ಣಿಗೆ ದಾಟಿಸುತ್ತವೆ. ಹಾಗಾಗಿ ಮರಳಿಗೆ ಚಿಟಿಕೆ ಉಪ್ಪು ಬೆರೆಸಿ ಒದ್ದೆ ಮಾಡಿಟ್ಟೆ. ಗಂಡುಗಳು ಬಂದು ಹೀರಿದವು, ಮೊಟ್ಟೆಯೂ ಹೆಚ್ಚಿತು. ಆದರೆ ಅದೇ ವಾರ ಸಕ್ಕರೆಯ ಪ್ರಮಾಣವನ್ನೂ ಬದಲಿಸಿಬಿಟ್ಟಿದ್ದೆ. ಮುಂದಿನ ತಂಡಕ್ಕೆ ಎರಡು ಪಂಜರ ಹೊಲಿಯುತ್ತಿದ್ದೇನೆ, ಒಂದರಲ್ಲಿ ಬರೀ ನೀರಿನ ಮರಳು.