ಅರ್ಧ ಮಿಲಿಮೀಟರಿನ ಪ್ರಶ್ನೆ: ಕುತ್ತಿಗೆಯ ರಕ್ತನಾಳವನ್ನು ಎಂಆರ್‌ಐಯಲ್ಲಿ ಅಳೆಯುವಾಗ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾನು ರೇಡಿಯಾಲಜಿಸ್ಟ್. ಕುತ್ತಿಗೆಯ ರಕ್ತನಾಳದ ಎಂಆರ್‌ಐಗೆ ಬರುವ ಹೆಚ್ಚಿನವರಿಗೆ ಅದಾಗಲೇ ಒಂದು ಮುನ್ಸೂಚನೆ ಸಿಕ್ಕಿರುತ್ತದೆ: ಸ್ವಲ್ಪ ಹೊತ್ತು ಕೈ ಸೋತದ್ದು, ಮಾತು ತೊದಲಿದ್ದು, ಒಂದು ಕಣ್ಣಿಗೆ ಪರದೆ ಬಿದ್ದಂತಾದದ್ದು. ಇಂಥವರ ಕೆರೋಟಿಡ್ ನಾಳ, ಅಂದರೆ ಕುತ್ತಿಗೆಯ ಮೂಲಕ ಮಿದುಳಿಗೆ ರಕ್ತ ಒಯ್ಯುವ ಧಮನಿ, ಶೇ. 70 ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಪಾರ್ಶ್ವವಾಯುವಿನ ಅಪಾಯ ಬಹಳಷ್ಟು ತಗ್ಗುತ್ತದೆ ಎಂಬುದು 1991ರಲ್ಲೇ ಉತ್ತರ ಅಮೆರಿಕದ ಅಧ್ಯಯನದಿಂದ ತಿಳಿದಿದೆ. ಅದೂ ಎರಡು ವಾರದೊಳಗೆ ಆದರೆ ಲಾಭ ಹೆಚ್ಚು. ಆದ್ದರಿಂದ ಶೇ. 60 ಎಂದು ಬರೆಯುವುದಕ್ಕೂ 70 ಎಂದು ಬರೆಯುವುದಕ್ಕೂ ಅಜಗಜಾಂತರ.

ಮಲ್ಪೆಯ ಮೀನುಗಾರಿಕಾ ಬೋಟಿನಲ್ಲಿ ದುಡಿಯುತ್ತಿದ್ದ ಒಬ್ಬ ಹಿರಿಯರ ಚಿತ್ರ ನೋಡಿ. ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಚುಚ್ಚುವ ಔಷಧ) ಇಲ್ಲದೆ, ಹರಿಯುವ ರಕ್ತದಿಂದಲೇ ಮೂಡುವ ಚಿತ್ರದಲ್ಲಿ ನಾಳ ಕಡಿದುಹೋದಂತೆ ಕಪ್ಪು ತೆರಪು ಕಾಣುತ್ತಿತ್ತು. ಇಲ್ಲಿ ದುಡುಕಬಾರದು. ಕಿರಿದಾದ ಜಾಗದಲ್ಲಿ ರಕ್ತ ಸುಳಿಸುತ್ತಿ ಹರಿಯುವಾಗ ಸಂಕೇತ ಅಳಿಸಿಹೋಗುತ್ತದೆ. ಇರುವುದಕ್ಕಿಂತ ಹೆಚ್ಚು ಕಿರಿದಾಗಿರುವಂತೆ ತೋರುತ್ತದೆ. ಮೂತ್ರಪಿಂಡದ ವರದಿ ಸರಿಯಿದ್ದುದರಿಂದ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಕೊಟ್ಟು ಮತ್ತೆ ತೆಗೆಸಿದೆ. “ಅಣ್ಣ, ಉಗುಳು ನುಂಗಬೇಡಿ, ಈಗ ಉಸಿರು ಹಿಡಿಯಿರಿ” ಎಂದು ನಮ್ಮ ತಂತ್ರಜ್ಞೆ ಮೈಕ್‌ನಲ್ಲಿ ಹೇಳುವ ಆ ಕ್ಷಣವೇ ಮುಖ್ಯ. ತುಸು ತಡವಾದರೂ ಪಕ್ಕದ ಅಭಿಧಮನಿ ತುಂಬಿಕೊಂಡು ಧಮನಿಯನ್ನು ಮರೆಮಾಡುತ್ತದೆ. ಈ ಬಾರಿ ತೆರಪಿದ್ದ ಕಡೆ ನೂಲಿನಂಥ ಬಿಳಿ ಎಳೆ ಸ್ಪಷ್ಟವಾಗಿತ್ತು.

ಅಳೆಯುವ ಕ್ರಮ ಸರಳ. ಅತಿ ಕಿರಿದಾದ ಜಾಗದ ವ್ಯಾಸವನ್ನು, ಅದರ ಮೇಲ್ಭಾಗದಲ್ಲಿ ನಾಳ ಆರೋಗ್ಯವಾಗಿರುವಲ್ಲಿನ ವ್ಯಾಸದೊಂದಿಗೆ ಹೋಲಿಸಬೇಕು. ಮೇಲೆ 5 ಮಿ.ಮೀ., ಕಿರಿದಾದಲ್ಲಿ 1.5 ಮಿ.ಮೀ. ಇದ್ದರೆ ಶೇ. 70, ಅದೇ 2 ಮಿ.ಮೀ. ಆದರೆ ಶೇ. 60. ಚಿತ್ರದ ಒಂದೊಂದು ಚುಕ್ಕೆಯೇ ಸುಮಾರು ಒಂದು ಮಿಲಿಮೀಟರ್ ಇರುವಾಗ ಅರ್ಧ ಮಿಲಿಮೀಟರಿಗೆ ಎಷ್ಟು ಬೆಲೆ! ಹಾಗಾಗಿ ತಿರುಗಿಸಿ ನೋಡುವ ಅಂದದ ಮೂರು ಆಯಾಮದ ಚಿತ್ರದಲ್ಲಿ ನಾನು ಅಳೆಯುವುದಿಲ್ಲ. ಅದಕ್ಕೆ ಆಧಾರವಾದ ಪದರ ಪದರದ ಮೂಲ ಚಿತ್ರಗಳಲ್ಲಿ (ಸ್ಲೈಸ್‌ಗಳಲ್ಲಿ), ನಾಳಕ್ಕೆ ಅಡ್ಡವಾಗಿ ಅಳೆಯುತ್ತೇನೆ. ಮೇಲಿನ ನಾಳವೂ ಬತ್ತಿ ಕುಗ್ಗಿದ್ದರೆ ಈ ಲೆಕ್ಕವೇ ಕೈಕೊಡುತ್ತದೆ. ಆಗ ಶೇಕಡಾವಾರು ಬಿಟ್ಟು, ಬಹುತೇಕ ಮುಚ್ಚಿದೆ ಎಂದೇ ಬರೆಯುತ್ತೇನೆ.

2006ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆಯ ಪ್ರಕಾರ, ಶೇ. 70ರಿಂದ 99ರಷ್ಟು ಕಿರಿದಾದ ನಾಳಗಳಲ್ಲಿ ಕಾಂಟ್ರಾಸ್ಟ್ ಎಂಆರ್‌ಐ ನೂರಕ್ಕೆ 94ನ್ನು ಗುರುತಿಸುತ್ತದೆ. ಶೇ. 50ರಿಂದ 69ರ ನಡುವೆ ಮಾತ್ರ ಆ ಭರವಸೆ ಇಲ್ಲ. ಆ ನಡುವಿನವರಿಗೆ ಡಾಪ್ಲರ್ (ಅಲ್ಟ್ರಾಸೌಂಡ್‌ನಿಂದ ರಕ್ತದ ವೇಗ ಅಳೆಯುವ ಪರೀಕ್ಷೆ) ತಾಳೆ ನೋಡದೆ ನಾನು ಸಹಿ ಹಾಕುವುದಿಲ್ಲ. ಎರಡೂ ಹೊಂದದಿದ್ದರೆ ರಕ್ತನಾಳದ ಸಿಟಿ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಂ ಮಾಡಿಸುತ್ತೇನೆ. ಬೋಟಿನ ಹಿರಿಯರ ಡಾಪ್ಲರ್‌ನಲ್ಲಿ ರಕ್ತದ ವೇಗ ಸೆಕೆಂಡಿಗೆ 230 ಸೆಂ.ಮೀ. ದಾಟಿತ್ತು, ಅದು ಶೇ. 70ರ ಗುರುತು. ಎರಡೂ ಒಂದೇ ಮಾತು ಹೇಳಿದ್ದರಿಂದ ಅಂದೇ ಶಸ್ತ್ರವೈದ್ಯರಿಗೆ ಫೋನ್ ಮಾಡಿದೆ.

ಬೇರೆ ಕಡೆ ಸ್ಕ್ಯಾನ್ ಮಾಡಿಸಿ ಎರಡನೆಯ ಅಭಿಪ್ರಾಯಕ್ಕೆ ಬರುವವರು ಫಿಲ್ಮ್ ಮಾತ್ರ ತರುತ್ತಾರೆ. ದಯವಿಟ್ಟು ಸಿಡಿಯನ್ನೂ ಕೇಳಿ ಪಡೆಯಿರಿ. ಅಳೆಯಬೇಕಾದ ಸ್ಲೈಸ್‌ಗಳೆಲ್ಲ ಅದರಲ್ಲೇ ಇರುತ್ತವೆ.