ಫೈಬರ್ ದೋಣಿಗೆ ತೂತು ಬಿದ್ದರೆ ಪುಟ್ಟಿ ಮೆತ್ತಬೇಡಿ

ನಮ್ಮ ಕರಾವಳಿಯಲ್ಲಿ ಈಗ ಫೈಬರ್ ದೋಣಿ ಇಲ್ಲದ ಮೀನುಗಾರಿಕೆ ಬಂದರೇ ಇಲ್ಲವೆನ್ನಬಹುದು. ಮರದಂತೆ ಇದು ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಆದರೆ ಬಂಡೆಗೋ ದೋಣಿ ಕಟ್ಟುವ ಧಕ್ಕೆಗೋ ಬಡಿದರೆ ಒಡೆಯುತ್ತದೆ. ಆಗ ಹೆಚ್ಚಿನವರು ಪುಟ್ಟಿ ಮೆತ್ತಿ ಬಣ್ಣ ಹೊಡೆದುಬಿಡುತ್ತಾರೆ. ಅದು ಸಾಲದು. ದೋಣಿಯ ಬಲ ಇರುವುದು ಗಾಜಿನ ನಾರಿನಲ್ಲಿ. ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು ಆ ನಾರನ್ನು ಹಿಡಿದಿಡುತ್ತದೆ, ಅಷ್ಟೆ. ನಾರು ತುಂಡಾದ ಜಾಗಕ್ಕೆ ಹೊಸ ನಾರೇ ಬೇಕು.

ಮೊದಲು ಒಡೆದ ಜಾಗದ ಸುತ್ತ ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಆ ಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ಆಮೇಲೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಡೀಸೆಲ್, ಎಣ್ಣೆಯ ಜಿಡ್ಡನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ. ಇದು ಉಜ್ಜುವ ಮುಂಚೆಯೇ ಆಗಬೇಕು. ಇಲ್ಲದಿದ್ದರೆ ಗ್ರೈಂಡರ್ ಜಿಡ್ಡನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.

ಈಗ ಉಜ್ಜುವ ಕೆಲಸ. ಇಡೀ ರಿಪೇರಿಯ ಜೀವ ಇಲ್ಲಿದೆ. ತೂತಿನ ಅಂಚನ್ನು ಹೊರಗಡೆಯಿಂದ ಇಳಿಜಾರಾಗಿ ಉಜ್ಜಬೇಕು. ಇಳಿಜಾರಿನ ಅಗಲ ಮೈಯ ದಪ್ಪದ 12 ಪಟ್ಟು. ಮೈ 6 ಮಿ.ಮೀ. ದಪ್ಪವಿದ್ದರೆ ಸುತ್ತಲೂ ಸುಮಾರು 7 ಸೆಂ.ಮೀ. 'ಇಷ್ಟು ಚೆನ್ನಾಗಿರೋದನ್ನೂ ಉಜ್ಜಿ ಹಾಕಬೇಕಾ' ಅಂತ ಜೀವ ಚುರ್ ಎನ್ನುತ್ತದೆ, ನಿಜ. ಆದರೆ ಹೊಸ ರೆಸಿನ್ ಹಳೆಯದರ ಜೊತೆ ಕರಗಿ ಒಂದಾಗುವುದಿಲ್ಲ. ಒರಟಾದ ಮೈಗೆ ಕಚ್ಚಿಕೊಳ್ಳುತ್ತದೆ, ಅಷ್ಟೆ. ಜಾಗ ಜಾಸ್ತಿ ಇದ್ದಷ್ಟು ಹಿಡಿತ ಜಾಸ್ತಿ. ಇಳಿಜಾರು ಹೊರಗಡೆ ಇದ್ದರೆ ನೀರಿನ ಒತ್ತಡವೂ ತೇಪೆಯನ್ನು ಒಳಕ್ಕೇ ಒತ್ತುತ್ತದೆ. ಗಾಜಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಗ್ರೈಂಡರ್ ಹಿಡಿಯಲೇಬೇಡಿ.

ಮೈ ಒಣಗಿದೆಯೇ ಎಂದು ನೋಡಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಅಂಟಿಸಿ ಬಿಸಿಲಿಗೆ ಬಿಡಿ. ಒಳಗಡೆ ಹನಿ ಕಟ್ಟಿದರೆ ಇನ್ನೂ ತೇವ ಇದೆ. ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ. ರಿಪೇರಿಗೆ ಪುರುಸೊತ್ತು ಸಿಗುವುದೂ ಆಗಲೇ, ಗಾಳಿಯಲ್ಲಿ ತೇವ ವಿಪರೀತ ಇರುವುದೂ ಆಗಲೇ. ಸಾಧ್ಯವಿದ್ದರೆ ಫೈಬರ್ ಕೆಲಸವನ್ನು ಮಳೆಗೆ ಮುಂಚೆ ಮುಗಿಸಿ.

ಒಳಗಡೆಯಿಂದ ಪ್ಲಾಸ್ಟಿಕ್ ಸುತ್ತಿದ ಪ್ಲೈವುಡ್ ತುಂಡನ್ನು ಒತ್ತಿ ನಿಲ್ಲಿಸಿ. ರೆಸಿನ್ ಕಲಸುವಾಗ ತಕ್ಕಡಿ ಬಳಸಿ. 1 ಕೆ.ಜಿ. ರೆಸಿನ್‌ಗೆ 10ರಿಂದ 20 ಗ್ರಾಂ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಸಾಕು. ಬಿಸಿಲಿನ ದಿನ ಕಡಿಮೆ ಹಾಕಿ, ಆದರೆ 10 ಗ್ರಾಂಗಿಂತ ಕೆಳಗೆ ಇಳಿಯಬೇಡಿ. ಪೂರ್ತಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣ ಬೇರೆಯಾಗಿ ಬಂದಿದ್ದರೆ ಅದನ್ನು ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಸೇರಿದರೆ ಸ್ಫೋಟವಾಗಬಹುದು. ಹಾರ್ಡನರ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ತಕ್ಷಣ ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಓಡಿ.

ಮ್ಯಾಟ್ (ಗಾಜಿನ ನಾರಿನ ಹಾಳೆ) ತುಂಡುಗಳಲ್ಲಿ ಅತಿ ದೊಡ್ಡದನ್ನು ಮೊದಲು ಹಾಕಿ. ಅದು ಇಳಿಜಾರನ್ನು ಪೂರ್ತಿ ಮುಚ್ಚಬೇಕು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಸುಮಾರು 1 ಮಿ.ಮೀ. ಕೊಡುತ್ತದೆ. ಮ್ಯಾಟಿನ ತೂಕಕ್ಕೆ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕು. ಬಿಳಿ ಮ್ಯಾಟ್ ಪಾರದರ್ಶಕವಾಗುವವರೆಗೆ ಬ್ರಷ್‌ನಿಂದ ಕುಟ್ಟಿ, ರೋಲರ್ ಎಳೆದು ಗುಳ್ಳೆ ತೆಗೆಯಿರಿ. ಒಂದೇ ಸಲಕ್ಕೆ ಮೂರ್ನಾಲ್ಕು ಪದರಕ್ಕಿಂತ ಹೆಚ್ಚು ಬೇಡ, ಕಾವು ಏರಿ ತೇಪೆ ಸೊಟ್ಟಗಾಗುತ್ತದೆ. ತಣಿದ ಮೇಲೆ ಮುಂದಿನದು. ಮಾರನೇ ದಿನಕ್ಕೆ ಉಳಿದರೆ ಮತ್ತೆ ಒರಟು ಮಾಡಿಕೊಂಡೇ ಹಾಕಿ.

ಪುಟ್ಟಿಗೆ ಜಾಗ ಈಗ ಬಂತು, ಮೇಲ್ಮೈ ಸಮ ಮಾಡಲು ಮಾತ್ರ. ಅದರ ಮೇಲೆ ಜೆಲ್‌ಕೋಟ್, ಅಂದರೆ ಬಣ್ಣ ಬೆರೆಸಿದ ರೆಸಿನ್‌ನ ಹೊರ ಲೇಪ. ಕೊನೆಯ ಕೋಟಿಗೆ ವ್ಯಾಕ್ಸ್ ದ್ರಾವಣ ಸೇರಿಸಿ, ಇಲ್ಲದಿದ್ದರೆ ಗಾಳಿ ತಾಗಿ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ನೀರಿಗಿಳಿಸಲು ಒಂದು ವಾರ ತಾಳಿ.

ಹಡಗಿನ ಲೈಫ್‌ಬೋಟಿಗೆ ಮಾತ್ರ ಈ ರಿಪೇರಿ ಬೇಡ. ಅದೂ ಸಾಮಾನ್ಯವಾಗಿ ಫೈಬರ್‌ದೇ, ಆದರೆ ಅಂತರರಾಷ್ಟ್ರೀಯ ನಿಯಮದಂತೆ ಅದರ ಮೈ ಸುಲಭವಾಗಿ ಬೆಂಕಿ ಹಿಡಿಯಬಾರದು. ಮಾಮೂಲಿ ರೆಸಿನ್‌ನ ತೇಪೆ ಹಾಗಲ್ಲ, ಚೆನ್ನಾಗಿ ಉರಿಯುತ್ತದೆ. ಆ ಕೆಲಸವನ್ನು ಅದಕ್ಕೆ ಮಾನ್ಯತೆ ಪಡೆದವರಿಗೇ ಬಿಡಿ.